ಬಸುರಿಯ ಕೂದಲು

"ಅಲ್ಲೇ ನಿಲ್ಲು, ಬೇವರ್ಸಿ. ನಿನ್ನ ನೆರಳು ನೆಂಟರ ಎಲೆಗೆ ಬೀಳ್ತದೆ."

ಕುಶಲಾ ಅಮ್ಮ ಹೀಗೆಂದಾಗ ದೇಯಿ ಎರಡು ಹೆಜ್ಜೆ ಹಿಂದೆ ಸರಿದಳು. ಬೆಳಿಗ್ಗೆಯಿಂದ ಬಲ್ಮಠದ ರಸ್ತೆ ಗುಡಿಸಿ ನೇರ ಇಲ್ಲಿಗೇ ಬಂದಿದ್ದಳು. ಈ ಮನೆಯವರ ಜಾಗದ ಮೂಲೆಯಲ್ಲೇ ಅವಳ ಗುಡಿಸಲು. ಒಳಗೆ ಮನೆಮಗಳು ಸ್ನೇಹಲತಾಳ ಸೀಮಂತ. ಬಸುರಿಯ ಕೂದಲು, ಉಗುರು ಬೆರೆಸಿದ ಅನ್ನವನ್ನು ದೇಯಿಯಂಥ ಕೊರಗ ಜಾತಿಯವರು ಉಂಡರೆ ಹುಟ್ಟುವ ಮಗುವಿಗೆ ಬರಬೇಕಾದ ಕೇಡು ಅವರಿಗೆ ಹೋಗುತ್ತದಂತೆ. ದೇಯಿ ಇಲ್ಲಿ ಮೂರು ಸಲ ಉಂಡಿದ್ದಳು.

ಈ ಸಲ ಹಿತ್ತಲಿನಲ್ಲಿ ಎರಡು ಎಲೆ ಹಾಕಿದ್ದರು. ಎರಡನೆಯದು ದೇಯಿಯ ಜೊತೆ ಬಂದಿದ್ದ ಮಗಳು ಮುದ್ದುವಿಗೆ.

"ಅವಳ ಪಾಲನ್ನೂ ನಾನೇ ಉಣ್ತೇನೆ ಅಮ್ಮ. ಅವಳು ಆರು ತಿಂಗಳ ಬಸುರಿ."

"ಅದಕ್ಕೇ ಕರೆಸಿದ್ದು. ಬಸುರಿಯೇ ಉಂಡ್ರೆ ಪೂರ್ತಿ ಹೋಗ್ತದಂತೆ."

ಹಿಂಬಾಗಿಲ ಮೆಟ್ಟಿಲಲ್ಲಿ ಕುಶಲಾ ಅಮ್ಮನ ಮಗ ಚಿತ್ತರಂಜನ ಪೇಪರ್ ಓದುತ್ತಿದ್ದ. ಕಾಲೇಜಿನಲ್ಲಿ ಪಾಠ ಮಾಡುವವನು. ದೇಯಿ ಅವನತ್ತ ತಿರುಗಿದಳು.

"ಧನಿ, ನೀವು ಕಲಿತವರು. ಒಂದು ಮಾತು ಹೇಳಿ."

ಅವನು ಪೇಪರನ್ನು ತೊಡೆಯ ಮೇಲಿಟ್ಟ. ದನಿ ಮೆತ್ತಗಿತ್ತು. "ನೋಡು ದೇಯಿ, ಒಂದೊಂದು ಸಮಾಜಕ್ಕೆ ಒಂದೊಂದು ನೀತಿ ಉಂಟು. ಸರಿ ತಪ್ಪು ಅಂತ ಆಕಾಶದಲ್ಲಿ ಎಂತದೂ ಬರೆದಿಟ್ಟಿಲ್ಲ. ಇಲ್ಲಿಯ ಜನ ಸರಿ ಅಂದದ್ದು ಇಲ್ಲಿ ಸರಿ. ನಿನ್ನ ಅಜ್ಜಿಯೂ ಉಂಡವಳಲ್ವಾ? ಬೇಡ ಅಂದಿದ್ಲಾ?"

"ಅವಳನ್ನು ಯಾರು ಕೇಳಿದ್ರು?" ಎಂದಳು ಮುದ್ದು.

"ಬಾಯಿ ಮುಚ್ಚು, ರಂಡೆ," ಎಂದರು ಕುಶಲಾ ಅಮ್ಮ.

ದೇಯಿ ಚಿತ್ತರಂಜನನನ್ನೇ ನೋಡುತ್ತಿದ್ದಳು. "ಅಮ್ಮ ನಿಮ್ಮನ್ನು ಹೊತ್ತಾಗ ಉಂಡದ್ದು ನಾನೇ ಧನಿ. ನನ್ನ ಹೊಟ್ಟೆಯಲ್ಲಿಯೂ ಒಂದಿತ್ತು. ಹುಟ್ಟಿ ಒಂಬತ್ತನೇ ದಿನ ಹೋಯ್ತು."

"ಅದು ಅನ್ನದಿಂದ ಅಲ್ಲ ಮಾರಾಯ್ತಿ. ಎಂತಾದ್ರೂ ಜ್ವರ ಬಂದಿರ್ತದೆ."

"ಇರ್ಬಹುದು. ಅನ್ನದಿಂದ ಮಗು ಸಾಯುದಿಲ್ಲ ಅಂತ ನಿಮಗೆ ಗೊತ್ತುಂಟು. ನಿಮ್ಮ ಅಮ್ಮನಿಗೆ ಗೊತ್ತಿರ್ಲಿಲ್ಲ. ಸಾಯ್ತದೆ ಅಂತ ನಂಬಿಯೇ ಬಡಿಸಿದ್ರು."

ಅವನು ತಾಯಿಯ ಮುಖ ನೋಡಿದ. ಕುಶಲಾ ಅಮ್ಮ ಎಲೆಗಳತ್ತ ಕೈ ತೋರಿದರು.

"ಬೇಗ ಉಣ್ಣಿ. ಒಳಗೆ ಹೊತ್ತು ಮೀರ್ತದೆ."

ಮುದ್ದು ತನ್ನ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ತನ್ನ ಜಾತಿಯವರು ಯಾರೂ ತುಳಿಯದ ಮೆಟ್ಟಿಲು ಹತ್ತಿ, ಅದನ್ನು ಚಿತ್ತರಂಜನನ ತೊಡೆಯ ಮೇಲಿಟ್ಟಳು.

"ಇಲ್ಲಿಯ ನೀತಿ ಅಲ್ವಾ ಧನಿ. ಉಣ್ಣಿ."

ಅವನು ಹಾರಿ ಎದ್ದ. ಅನ್ನ ಮೆಟ್ಟಿಲ ತುಂಬ ಚೆಲ್ಲಿತು. ತಂಗಿಯ ಉದ್ದ ಕೂದಲೊಂದು ಅವನ ಬಿಳಿ ಪಂಚೆಗೆ ಅಂಟಿಕೊಂಡಿತ್ತು. ಅದನ್ನು ಕೊಡವಲು ಅವನ ಕೈ ಹೋಯಿತು. ಮುಟ್ಟದೆ ಹಾಗೇ ನಿಂತಿತು.

"ನಾಳೆ ನಿಮ್ಮ ಗುಡಿಸಲು ಅಲ್ಲಿ ಇರ್ಬಾರ್ದು," ಎಂದು ಕುಶಲಾ ಅಮ್ಮ ಕೂಗುತ್ತಿದ್ದರು. ತಾಯಿ ಮಗಳು ಗೇಟು ದಾಟುವವರೆಗೂ ಹಿಡಿಯಲು ಯಾರೂ ಬರಲಿಲ್ಲ. ಹಿಡಿಯಬೇಕೆಂದರೆ ಮುಟ್ಟಬೇಕಿತ್ತು.

ರಸ್ತೆಯ ಇಳಿಜಾರಿನಲ್ಲಿ ದೇಯಿ ಚರಂಡಿಯ ಬದಿಗೆ ಕುಳಿತಳು. ಎರಡು ಬೆರಳು ಗಂಟಲಿಗೆ ಹಾಕಿ ವಾಂತಿ ಮಾಡಲು ನೋಡಿದಳು. ಹಳದಿ ನೀರಷ್ಟೇ ಬಂತು. ಮತ್ತೆ ಹಾಕಿದಳು.

"ಎಂತ ಮಾಡ್ತಿ ಅಮ್ಮ? ಇವತ್ತು ನೀನು ಉಣ್ಣಲೇ ಇಲ್ಲ."

"ಇವತ್ತಿನದ್ದಲ್ಲ," ಎಂದಳು ದೇಯಿ.

ಮುದ್ದು ತಾಯಿಯ ಹಣೆ ಹಿಡಿದುಕೊಂಡಳು. ದೇಯಿ ಮೂರನೇ ಸಲ ಬೆರಳು ಹಾಕಿದಳು.