ನೀರಲ್ಲಿ ಉಳಿದ ಮೂರು ಗೇಣು

ಗಂಟರ್ಸ್‌ವಿಲ್ ಕೆರೆಯ ದಂಡೆಯ ಊರುಗಳಲ್ಲಿ ಮೀನು ಹಿಡಿಯುವ ಮಕ್ಕಳಿಗೆ ಬರವಿಲ್ಲ. ಬರವಿರುವುದು ಅವರ ದೋಣಿ ನಡೆಸುವ ದೊಡ್ಡವರಿಗೆ. ಶಾಲೆಗಳ ಮೀನು ಪಂದ್ಯದಲ್ಲಿ ಒಂದು ದೋಣಿಗೆ ಇಬ್ಬರು ಮಕ್ಕಳು, ಒಬ್ಬರು ದೊಡ್ಡವರು. ಗಾಳ ಹಾಕುವುದು ಮಕ್ಕಳು. ದೊಡ್ಡವರು ದೋಣಿ ಓಡಿಸಿ, ಕೈ ಕಟ್ಟಿ ಕೂರಬೇಕು. ಹಾಗೆ ಕೂರುವವರು ಸಿಗದೆ ಮಾರ್ಲಿ ಎಂಬ ಹುಡುಗಿ ಹೋದ ವರ್ಷವೆಲ್ಲ ದಡದಲ್ಲೇ ನಿಂತಿದ್ದಳು.

ಈ ವರ್ಷ ಅವಳ ತಾತ ವರ್ಲನ್ ಟಿಡ್‌ಮೋರ್ ಎದೆ ತಟ್ಟಿ ಮುಂದೆ ಬಂದ. ವೆಲ್ಡಿಂಗ್ ಕೆಲಸದಿಂದ ನಿವೃತ್ತನಾದವನು, ಅರ್ಧ ಆಯುಷ್ಯವನ್ನು ಅದೇ ನೀರಿನ ಮೇಲೆ ಕಳೆದವನು. ಸಣ್ಣ ಎಂಜಿನ್ನಿನ ಹಳೆಯ ದೋಣಿಯನ್ನು ಚಳಿಗಾಲದಲ್ಲಿ ಮಾರಿ, ಮಿರಮಿರ ಮಿಂಚುವ ನೀಲಿ ಫೈಬರ್ ದೋಣಿ ತಂದಿದ್ದ. ಅದರ ಬೆನ್ನಿಗೆ ಇನ್ನೂರೈವತ್ತು ಹಾರ್ಸ್‌ಪವರ್ ಎಂಜಿನ್. ಆದರೆ ಮಾರ್ಲಿಯ ಜೊತೆಗಾತಿ ಟಿಯಾನಾಳ ತಾಯಿ ರೆನಿಟಾ ಖಂಡಿತವಾಗಿ ಹೇಳಿಬಿಟ್ಟಳು: ಅತಿವೇಗದ ದೋಣಿಯ ತರಬೇತಿ ಮುಗಿಸಿದರೆ ಮಾತ್ರ ಮಗಳನ್ನು ಹತ್ತಿಸುತ್ತೇನೆ. ಇಲ್ಲವಾದರೆ ಹುಡುಗಿಯರಿಬ್ಬರಿಗೂ ಈ ವರ್ಷವೂ ದಡವೇ ಗತಿ.

ವರ್ಲನ್‌ಗೆ ಮೈಯೆಲ್ಲ ಉರಿಯಿತು. ದೂರು ಹೊತ್ತು ನೇರ ಅಕ್ಕ ನೆಲ್ಡಾಳ ಅಡುಗೆಮನೆಗೆ ಬಂದ. ಆ ತರಬೇತಿ ಕೊಡುವವಳು ಅವಳೇ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಉರಿ ಇನ್ನೂ ಹೆಚ್ಚು.

"ಅಕ್ಕ, ಇದು ಮೀನಿನ ದೋಣಿ. ಒಳಗೆ ಕಾರ್ಪೆಟ್ ಹಾಸಿದೆ, ಮೀನು ಬಿಡೋಕೆ ತೊಟ್ಟಿ ಇದೆ. ಅತಿವೇಗದ ದೋಣಿ ಅಂದ್ರೆ ಮೂತಿ ಚೂಪಾಗಿರುತ್ತೆ, ಮೈಮೇಲೆ ಬೆಂಕಿ ಚಿತ್ರ ಇರುತ್ತೆ, ಕಿವಿ ತೂತು ಬೀಳೋ ಹಾಗೆ ಸದ್ದು ಮಾಡುತ್ತೆ. ಬೇಸಿಗೇಲಿ ಬರೋ ಶೋಕಿ ಜನರದ್ದು ಅದು."

ನೆಲ್ಡಾ ಬಾಣಲೆಯಲ್ಲಿ ಮೀನು ಮಗುಚುತ್ತಿದ್ದಳು. ತಮ್ಮನ ಜೊತೆ ವಾದಿಸಿ ಗೆದ್ದವರಿಲ್ಲ ಎಂದು ಅವಳಿಗೆ ಬಾಲ್ಯದಿಂದಲೇ ಗೊತ್ತು. "ಸರಿ, ಊಟ ಆದ್ಮೇಲೆ ಒಂದು ಸುತ್ತು ಕರ್ಕೊಂಡು ಹೋಗು. ನಿನ್ನ ದೋಣಿನೇ ಹೇಳ್ಲಿ," ಎಂದಳು.

ದಡದಲ್ಲಿ ಮಾರ್ಲಿ ವಿಡಿಯೋ ಹಿಡಿಯಲು ಫೋನ್ ತೆಗೆದು ನಿಂತಳು. ದೋಣಿ ಹತ್ತಿದ ನೆಲ್ಡಾಳ ಕಣ್ಣು ಮೊದಲು ಬಿದ್ದದ್ದು ಕೆಂಪು ದಾರದ ಮೇಲೆ. ಓಡಿಸುವವನು ಸೀಟಿನಿಂದ ಎಗರಿ ಬಿದ್ದರೆ ದಾರ ಸ್ವಿಚ್ಚಿನಿಂದ ಕಿತ್ತು ಬಂದು ಎಂಜಿನ್ ತಾನಾಗಿ ಆರಬೇಕು; ಆ ದಾರದ ಇನ್ನೊಂದು ತುದಿಯ ಕೊಕ್ಕೆ ಓಡಿಸುವವನ ಮೈಮೇಲಿರಬೇಕು. ವರ್ಲನ್ ಅದನ್ನು ಸ್ಟೀರಿಂಗ್ ಚಕ್ರಕ್ಕೇ ಸಿಕ್ಕಿಸಿಟ್ಟಿದ್ದ. ಎದ್ದು ಕೂತು ಮಾಡುವಾಗ ಕಾಲಿಗೆ ತೊಡರುತ್ತದಂತೆ.

"ಸ್ಟೀರಿಂಗ್ ಬಿದ್ದು ಹೋದ್ರೆ ಎಂಜಿನ್ ನಿಲ್ಲುತ್ತೆ. ನೀನು ಬಿದ್ರೆ?" ಎಂದಳು ನೆಲ್ಡಾ. ಅವನು ಗೊಣಗುತ್ತ ಕೊಕ್ಕೆಯನ್ನು ಲೈಫ್ ಜಾಕೆಟ್ಟಿಗೆ ಹಾಕಿಕೊಳ್ಳುವವರೆಗೂ ಅವಳು ಹಗ್ಗ ಬಿಚ್ಚಲಿಲ್ಲ.

ತೆರೆದ ನೀರಿಗೆ ಬಂದದ್ದೇ ವರ್ಲನ್ ಅಕ್ಕನಿಗೆ ತೋರಿಸಿಯೇ ಬಿಡಬೇಕೆಂದು ವೇಗ ಏರಿಸಿದ. ಮೂತಿ ಎದ್ದಿತು, ಆಮೇಲೆ ಮೈಯೇ ಎದ್ದಿತು. ಹಿಗ್ಗು ತಡೆಯಲಾರದೆ ಇನ್ನಷ್ಟು ಒತ್ತಿದ. ಆಗ ದೋಣಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊನೆಯತೊಡಗಿತು. ಎಡಕ್ಕೆ ವಾಲಿದಾಗ ಅವನು ಬಲಕ್ಕೆ ತಿರುಗಿಸಿದ; ಕೈ ತಿರುಗುವಷ್ಟರಲ್ಲಿ ದೋಣಿಯೂ ಬಲಕ್ಕೆ ವಾಲಿರುತ್ತಿತ್ತು. ತಿದ್ದಿದಷ್ಟೂ ಹೊಯ್ದಾಟ ಹೆಚ್ಚಾಯಿತು.

"ವೇಗ ಇಳಿಸು. ಒಂದೇ ಸಲಕ್ಕೆ ಬೇಡ, ಮೆಲ್ಲಗೆ," ಎಂದಳು ನೆಲ್ಡಾ. ಇಳಿಸಿದ. ದೋಣಿ ತೆಪ್ಪಗೆ ನೀರಿನ ಮೇಲೆ ಕೂತಿತು.

ದಡಕ್ಕೆ ಬಂದಾಗ ಮಾರ್ಲಿ ಫೋನ್ ತೋರಿಸಿದಳು. ಅಷ್ಟುದ್ದದ ದೋಣಿಯಲ್ಲಿ ನೀರಿಗೆ ತಾಗಿಕೊಂಡಿದ್ದದ್ದು ಹಿಂಬದಿಯ ಮೂರು ಗೇಣು. ಉಳಿದದ್ದೆಲ್ಲ ಗಾಳಿಯಲ್ಲಿ. ವರ್ಲನ್ ಅದನ್ನು ಮತ್ತೆ ಮತ್ತೆ ನೋಡಿದ.

"ಅತಿವೇಗದ ದೋಣಿ ಅನ್ನೋಕೆ ಎಲ್ಲ ಕಡೆ ಒಂದೇ ಗೆರೆ ಎಳೆದಿಲ್ಲ ಕಣೋ," ಎಂದಳು ನೆಲ್ಡಾ. "ಆದ್ರೆ ಬಣ್ಣ, ಸದ್ದು, ಮೂತಿ ಯಾವುದೂ ಲೆಕ್ಕಕ್ಕಿಲ್ಲ. ಮೈ ತೂಕಕ್ಕೆ ಎಂಜಿನ್ ಬಲ ಎಷ್ಟು, ತಳ ಹೇಗಿದೆ, ಓಡೋವಾಗ ನೀರಲ್ಲಿ ಎಷ್ಟು ಉಳಿಯುತ್ತೆ, ಅದು ನೋಡ್ಬೇಕು. ನಿನ್ನ ಹಳೇ ದೋಣಿ ನಿನ್ನ ತಪ್ಪನ್ನೆಲ್ಲ ಹೊಟ್ಟೆಗೆ ಹಾಕ್ಕೋತಿತ್ತು. ಇದು ಹಾಕ್ಕೊಳಲ್ಲ. ಕಾರ್ಪೆಟ್ ಹಾಸಿದ್ರೂ ಇದು ಅದೇ ಜಾತಿದು."

ವರ್ಲನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ತರಬೇತಿ ಎಷ್ಟು ಗಂಟೆಗೆ ಶುರು ಎಂದಷ್ಟೇ ಕೇಳಿದ.

ಪಂದ್ಯದ ಬೆಳಿಗ್ಗೆ ಕೆಂಪು ದಾರ ಅವನ ಎದೆಯ ಮೇಲಿತ್ತು. ಹುಡುಗಿಯರ ಜಾಕೆಟ್‌ಗಳನ್ನು ಎಳೆದೆಳೆದು ನೋಡಿದ. ನೀರು ಕದಡಿದಾಗಲೆಲ್ಲ ವೇಗ ಇಳಿಸಿದ. ಹಿಂದಿಕ್ಕಿ ಹೋದ ಗೆಳೆಯನೊಬ್ಬ, ಹೊಸ ದೋಣಿಗೆ ಮಂಡಿನೋವು ಬಂತೇ ಎಂದು ಕಿಚಾಯಿಸಿದ. ವರ್ಲನ್ ನಕ್ಕು ಕೈಬೀಸಿದ.

ಮಧ್ಯಾಹ್ನ ಮರಳುವಾಗ ದೊಡ್ಡ ವಿಹಾರದೋಣಿಯೊಂದು ಅಡ್ಡ ಹಾದುಹೋಯಿತು. ವರ್ಲನ್ ವೇಗ ಇಳಿಸಿದ್ದೇನೋ ನಿಜ. ಅಷ್ಟರಲ್ಲಿ ಅವನ ಟೋಪಿ ಹಾರಿತು, ಹಿಡಿಯಲು ಕೈ ಚಾಚಿ ಅರೆ ಎದ್ದ, ಅಲೆ ಬಡಿಯಿತು. ಮರುಕ್ಷಣ ನೀರಿನಲ್ಲಿದ್ದ.

ತಲೆ ಮೇಲೆತ್ತಿದವನಿಗೆ ಮೊದಲು ತಿಳಿದದ್ದು ನಿಶ್ಶಬ್ದ. ಎಂಜಿನ್ ಆರಿತ್ತು. ದಾರ ಸ್ಟೀರಿಂಗಿಗೆ ಸಿಕ್ಕಿಕೊಂಡಿದ್ದರೆ ಆ ದೋಣಿ ಮಕ್ಕಳಿಬ್ಬರನ್ನು ಹೊತ್ತು ಗಿರಗಿರ ಸುತ್ತಿ, ನೀರೊಳಗಿನ ಪಂಖ ತಿರುಗಿಸುತ್ತ ಅವನ ಮೇಲೆಯೇ ಬರುತ್ತಿತ್ತೇನೋ. ಈಗ ಅದು ಅಲ್ಲೇ ನಿಂತು ತೂಗುತ್ತಿತ್ತು. ಟಿಯಾನಾ ಕೈ ನೀಡಿ ಕಾದಿದ್ದಳು. ಮಾರ್ಲಿ ಗಾಬರಿಗೊಳ್ಳದೆ, ಮೀನು ಹಿಡಿಯುವಾಗ ಬಳಸುವ ಮುಂಬದಿಯ ಪುಟ್ಟ ಬ್ಯಾಟರಿ ಮೋಟಾರು ಇಳಿಸಿ, ದೋಣಿಯನ್ನು ಇಂಚಿಂಚಾಗಿ ತಾತನ ಬಳಿಗೆ ತಂದಳು. ಅವಳನ್ನು ನೋಡುತ್ತ ವರ್ಲನ್‌ನ ಎದೆ ಉಬ್ಬಿತು. ತನ್ನ ದೋಣಿಯನ್ನು ಕಂಡು ಕೂಡ ಅದು ಅಷ್ಟು ಉಬ್ಬಿರಲಿಲ್ಲ.

ಮೀನು ತೂಗುವ ಕಡೆ ರೆನಿಟಾ ಕಾಯುತ್ತಿದ್ದಳು. ತೊಟ್ಟಿಕ್ಕುವ ಬಟ್ಟೆಯಲ್ಲೇ ವರ್ಲನ್ ನಡೆದದ್ದನ್ನೆಲ್ಲ ಬಿಡದೆ ಹೇಳಿದ. ಅವಳು ಮಗಳನ್ನು ಒಮ್ಮೆ ಅಪ್ಪಿಕೊಂಡು, "ಮುಂದಿನ ಪಂದ್ಯಕ್ಕೂ ನೀವೇ ಬರ್ಬೇಕು," ಎಂದಳು.

"ಎಷ್ಟು ಮೀನು?" ಎಂದು ತೂಗುವವನು ಕೇಳಿದ.

"ತಕ್ಕಡಿಗೆ ಐದು," ಎಂದು ಮಾರ್ಲಿ ತಾತನ ಕಡೆ ಕಣ್ಣು ಹಾಯಿಸಿದಳು. "ಆರನೇದನ್ನ ನಾನೇ ಎಳ್ಕೊಂಡೆ. ಎಲ್ಲಕ್ಕಿಂತ ದಪ್ಪಂದು. ಅದನ್ನ ಮನೆಗೆ ಕರ್ಕೊಂಡು ಹೋಗ್ತೀವಿ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನೀವು ಹತ್ತುವ ಮೋಟಾರು ದೋಣಿಯನ್ನೂ ಒಮ್ಮೆ ಹೀಗೆ ನೋಡಿ. ಬಣ್ಣ ಬಿಡಿ, ತೂಕಕ್ಕೆ ಬಲ ಎಷ್ಟು, ಓಡುವಾಗ ನೀರಲ್ಲಿ ಉಳಿಯುವುದು ಎಷ್ಟು ಎಂದು ಕೇಳಿ. ಮೈ ಎತ್ತಿ ಹಾರುವ ದೋಣಿಯಾದರೆ ಕಲಿತು ಓಡಿಸಿ, ಜಾಕೆಟ್ ತೊಡಿ. ಆ ಕೆಂಪು ದಾರದ ಕೊಕ್ಕೆ ನಿಮ್ಮ ಎದೆಯ ಮೇಲಿರಲಿ. ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗಲು ಯಾರೋ ದಡದಲ್ಲಿ ಕಾಯುತ್ತಿರುತ್ತಾರೆ.