ಕೊಡದೆ ಉಳಿದ ಬೆಸಾಂವ್

"ಆ ಬೆರಳು ಬಿಡಿ ಬಾಯಮ್ಮ, ಅದು ಬಗ್ಗುವುದಿಲ್ಲ. ಜಪಸರ ಮೇಲಿಂದಲೇ ಸುತ್ತುವ," ಎಂದಳು ಪಕ್ಕದ ಮನೆಯ ನಳಿನಾಕ್ಷಿ.

ವಿಲ್ಮಾ ಬಿಡಲಿಲ್ಲ. ಗಂಡನ ಬಲಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದು ಉಜ್ಜುತ್ತಲೇ ಇದ್ದಳು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ದುಡಿದ ಸಿಲ್ವೆಸ್ಟರನ ಕೈ ಬದುಕಿದ್ದಾಗಲೂ ತಣ್ಣಗೇ ಇರುತ್ತಿತ್ತು. ಅದಕ್ಕೇ ಇದು ಸತ್ತವನ ಕೈ ಎಂದು ನಂಬಲು ಅವಳಿಗೆ ಆಗುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಐಸ್ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ, ಮತ್ತೆ ಏಳಲಿಲ್ಲ. ರಾತ್ರಿ ಆಸ್ಪತ್ರೆಯ ಶೈತ್ಯಕೋಣೆಯಲ್ಲಿಟ್ಟು, ಬೆಳಿಗ್ಗೆ ಕೆಮ್ಮಣ್ಣಿನ ಮನೆಗೆ ತಂದಿದ್ದರು.

"ಪೊರ್ಬುಗಳಿಗೆ ಕೊನೆಯ ರಾತ್ರಿಯೂ ಐಸಿನಲ್ಲೇ ಆಯ್ತಲ್ಲಾ," ಎಂದು, ಸಿಲ್ವೆಸ್ಟರನನ್ನು ಯಾವಾಗಲೂ ಪೊರ್ಬುಗಳು ಎಂದೇ ಕರೆಯುತ್ತಿದ್ದ ನಳಿನಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡಳು.

ಜಗಲಿಯಲ್ಲಿ ಸಿಲ್ವೆಸ್ಟರನ ಅಣ್ಣ ಎಡ್ವಿನ್ ಮಾತಾಡುತ್ತಿದ್ದ. ಕುವೈತಿನಲ್ಲಿ ಇದ್ದು ಬಂದವನು. ಅವನ ಗುಟ್ಟಿನ ಮಾತು ಕೂಡ ಗೇಟಿನವರೆಗೆ ಕೇಳುತ್ತದೆ. "ಇನ್ನೆಂತ ಸೆಮಿನರಿ ಮಾರಾಯ ಕಾರ್ಲ್ಟನ್? ನಿನ್ನ ಅಮ್ಮನನ್ನು ಯಾರು ನೋಡಿಕೊಳ್ಳುವುದು? ಮಣಿಪಾಲದಲ್ಲಿ ನನ್ನ ಪರಿಚಯದವರು ಇದ್ದಾರೆ, ಒಂದು ಕೆಲಸಕ್ಕೆ ಹೇಳ್ತೇನೆ."

"ನಾನು ಸೆಮಿನರಿಗೆ ಹೋಗುವುದಿಲ್ಲ ಬಾಪ್ಪು," ಎಂದ ಕಾರ್ಲ್ಟನ್ ದೊಡ್ಡಪ್ಪನಿಗೆ. "ಪಪ್ಪ ತಲೆ ಮೇಲೆ ಕೈಯಿಟ್ಟು ಬೆಸಾಂವ್ ಕೊಡಲೇ ಇಲ್ಲ. ಬೇಡ ಅಂತಲೇ ಅದರ ಅರ್ಥ ಅಲ್ವಾ?"

ಒಳಗೆ ವಿಲ್ಮಾಳ ಕೈ ನಿಂತಿತು. ಇದ್ದೊಬ್ಬ ಮಗ ಮನೆಯಲ್ಲೇ ಉಳಿದ. ಬರುವ ಸೋಮವಾರ ಹೊರಡಬೇಕಾಗಿದ್ದವನು ಇನ್ನು ಎಲ್ಲಿಗೂ ಹೋಗುವುದಿಲ್ಲ. ಗಂಡನ ಹೆಣದ ಮುಂದೆ ಕೂತೇ ಅವಳಿಗೆ ಎಲ್ಲೋ ಒಂದು ಕಡೆ ನೆಮ್ಮದಿಯಾಯಿತು, ಅದರ ಬೆನ್ನಿಗೇ ನಾಚಿಕೆಯಾಯಿತು.

*

ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಕಿರಿಯರು ಕೈಮುಗಿದು ಹಿರಿಯರಿಂದ ಆಶೀರ್ವಾದ ಕೇಳುವುದು ಈ ಮನೆಗಳಲ್ಲಿ ಹಿಂದಿನಿಂದ ಬಂದದ್ದು. "ಬೆಸಾಂವ್ ದಿ ಪಪ್ಪ," ಎನ್ನಬೇಕು. "ದೇವ್ ಬರೆಂ ಕರುಂ," ದೇವರು ಒಳ್ಳೆಯದು ಮಾಡಲಿ, ಎಂದು ಅವರು ತಲೆಯ ಮೇಲೆ ಕೈಯಿಡಬೇಕು. ಸಿಲ್ವೆಸ್ಟರ್ ಅದರಲ್ಲೂ ತುಂಟತನ ಮಾಡುತ್ತಿದ್ದ. ಪುಟ್ಟ ಕಾರ್ಲ್ಟನ್ ತಲೆಬಗ್ಗಿಸಿದರೆ, ಆ ಐಸಿನಂಥ ಅಂಗೈಯನ್ನು ಬೇಕೆಂದೇ ಮೆಲ್ಲ ನೆತ್ತಿಯಿಂದ ಕತ್ತಿಗೆ ಜಾರಿಸುವನು. ಹುಡುಗ ಎರಡೂ ಹೆಗಲನ್ನು ಕಿವಿಯವರೆಗೆ ಏರಿಸಿ, ಕುಗ್ಗಿ, ಕಿಸಕ್ಕನೆ ನಗುವನು. "ದೇವರ ಮುಂದೆ ನಗ್ತಾರಾ?" ಎಂದು ವಿಲ್ಮಾ ಇಬ್ಬರನ್ನೂ ಗದರಿಸುವಳು.

ಡಿಗ್ರಿ ಮುಗಿಸಿದ ಮಗ ಈಸ್ಟರ್ ಹಬ್ಬದ ಮರುದಿನ ಊಟದ ನಡುವೆ ಹೇಳಿದ್ದ: "ನಾನು ಸೆಮಿನರಿಗೆ ಸೇರ್ತೇನೆ. ಪಾದ್ರಿ ಆಗ್ತೇನೆ." ವಿಲ್ಮಾ ಅತ್ತಳು. ಸಿಲ್ವೆಸ್ಟರ್ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ. ಆ ಸಂಜೆ ಮಗ ಬೆಸಾಂವ್ ಕೇಳಿದಾಗ ಮಾತ್ರ ಎದ್ದು ಅಂಗಳಕ್ಕೆ ನಡೆದುಬಿಟ್ಟ. ಮರುದಿನವೂ ಅಷ್ಟೇ. ಬೈಯಲಿಲ್ಲ, ತಡೆಯಲಿಲ್ಲ, ಕೈ ಮಾತ್ರ ಎತ್ತಲಿಲ್ಲ.

"ಪಪ್ಪನ ಬೆಸಾಂವ್ ಇಲ್ಲದೆ ನಾನು ಹೊರಡುವುದಿಲ್ಲ," ಎಂದು ಕಾರ್ಲ್ಟನ್ ಹಟ ಹಿಡಿದ. ಹಟದಲ್ಲಿ ಅಪ್ಪನಿಗೆ ತಕ್ಕ ಮಗ. ದಿನಾ ಸಂಜೆ ಕೇಳುವುದು ಬಿಡಲಿಲ್ಲ.

*

ನಿನ್ನೆ ಬೆಳಿಗ್ಗೆ ಚಹಾ ಕುಡಿಯುತ್ತಾ ಸಿಲ್ವೆಸ್ಟರ್ ಹೇಳಿದ್ದು ವಿಲ್ಮಾಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಇವತ್ತು ತೇರ್ಸ್ ಆದ ಮೇಲೆ ಅವನಿಗೆ ಬೆಸಾಂವ್ ಕೊಡ್ತೇನೆ. ಕೇಳಿ ಕೇಳಿ ಅವನ ಸ್ವರವೇ ಸಣ್ಣ ಆಗಿದೆ, ನನಗೆ ಕೇಳಲಿಕ್ಕೆ ಆಗುವುದಿಲ್ಲ. ನೀನು ಮೊದಲೇ ಹೇಳ್ಬೇಡ."

ವಿಲ್ಮಾ ಲೋಟ ಕುಕ್ಕಿದ್ದಳು. "ನಿಮಗೆಂತ, ನೀವು ಐಸ್ ಪ್ಲಾಂಟಿಗೆ ಹೋಗ್ತೀರಿ. ಖಾಲಿ ಮನೆಯಲ್ಲಿ ಕೂರುವವಳು ನಾನಲ್ವಾ?"

"ನಾನಿದ್ದೇನಲ್ಲ ಮಾರಾಯ್ತಿ," ಎಂದು ಅವನು ನಕ್ಕು ಚಪ್ಪಲಿ ಮೆಟ್ಟಿದ. ಅವಳು ಸಿಟ್ಟಿನಲ್ಲಿ ಒಲೆಯ ಕಡೆ ತಿರುಗಿಯೇ ನಿಂತಿದ್ದಳು. ಗಂಡ ಗೇಟು ದಾಟಿದ್ದನ್ನೂ ನೋಡಲಿಲ್ಲ.

*

ಇಗರ್ಜಿಯ ಗಂಟೆ ನಿಧಾನವಾಗಿ ಬಡಿಯಿತು. ಪ್ಲಾಂಟಿನವರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಪೂಜೆ ಮುಗಿದು ಸಿಮಿತ್ರಿಗೆ, ಹೂಳುವ ಜಾಗಕ್ಕೆ, ಬಂದಾಗ ವಿಲ್ಮಾಳ ಕಣ್ಣಲ್ಲಿ ನೀರು ಬತ್ತಿಹೋಗಿತ್ತು. ಹೇಳದಿದ್ದರೆ ಆಯಿತು, ಎಂದುಕೊಂಡಳು. ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಮಣಿಪಾಲಕ್ಕೆ ಹೋಗಿ ಸಂಜೆ ಮನೆಗೆ ಬರುತ್ತಾನೆ. ನಾನು ಬಡಿಸುತ್ತೇನೆ. ಇಷ್ಟು ಕೇಳುವುದು ಪಾಪವಾ?

"ಮುಚ್ಚುವ ಮೊದಲು ಮನೆಯವರು ಮುಖ ನೋಡಿ," ಎಂದರು ಪಾದ್ರಿಗಳು.

ಕಾರ್ಲ್ಟನ್ ಮುಂದೆ ಬಂದ. ಅಪ್ಪನ ಹಣೆಗೆ ಮುತ್ತು ಕೊಡುತ್ತಾನೆ ಎಂದು ಎಲ್ಲರೂ ಕಾದರು. ಅವನು ಬಗ್ಗಲಿಲ್ಲ. ಆಮೇಲೆ, ಬೇಕೆಂದು ಮಾಡಿದ್ದೋ ಅಭ್ಯಾಸವೋ, ಕೈ ಎರಡೂ ತಾವಾಗಿ ಮುಗಿದವು.

"ಬೆಸಾಂವ್ ದಿ ಪಪ್ಪ."

ಸಿಲ್ವೆಸ್ಟರ್ ಹೇಳಿದ್ದು ನಿಜ. ಆ ಸ್ವರ ಸಣ್ಣ ಆಗಿತ್ತು. ವಿಲ್ಮಾಳಿಗೂ ಅದನ್ನು ಕೇಳಲಾಗಲಿಲ್ಲ.

ಅವಳು ಪೆಟ್ಟಿಗೆಯ ಬದಿಯಲ್ಲಿ ಮೊಣಕಾಲೂರಿದಳು. ಬೆಳಿಗ್ಗೆ ತಾನೇ ಸುತ್ತಿದ್ದ ಜಪಸರವನ್ನು ಬಿಚ್ಚತೊಡಗಿದಳು.

"ಎಂತ ಮಾಡ್ತಿ ವಿಲ್ಮಾ? ಜನ ನೋಡ್ತಿದ್ದಾರೆ," ಎಂದ ಎಡ್ವಿನ್.

"ಹತ್ತಿರ ಬಾ ಮಗಾ," ಎಂದಳು ಅವಳು, ಎಡ್ವಿನನ ಮಾತು ಕಿವಿಗೆ ಬೀಳದವಳಂತೆ. "ನಿನ್ನೆ ಬೆಳಿಗ್ಗೆ ಪಪ್ಪ ಹೇಳಿ ಹೋಗಿದ್ದಾರೆ, ಸಂಜೆ ನಿನಗೆ ಬೆಸಾಂವ್ ಕೊಡ್ತೇನೆ ಅಂತ. ನಾನು ನಿನಗೆ ಹೇಳಲಿಲ್ಲ. ನೀನು ಹೋಗುವುದು ನನಗೆ ಬೇಡ ಆಗಿತ್ತು."

ಕಾರ್ಲ್ಟನ್ ಅಮ್ಮನ ಮುಖ ನೋಡಿದ. ಅವಳ ಪಕ್ಕದಲ್ಲೇ ಕುಸಿದು ಕೂತ.

ಕೈಯನ್ನು ಎತ್ತಲು ಅವಳಿಂದ ಆಗಲಿಲ್ಲ, ಅದು ಎದೆಯಿಂದ ಗೇಣು ಮೇಲೆ ಮರಗಟ್ಟಿ ನಿಂತಿತ್ತು. ಅದಕ್ಕೇ ಮಗನ ತಲೆಯನ್ನೇ ಹಿಡಿದು ಪೆಟ್ಟಿಗೆಯೊಳಗೆ, ಆ ಅಂಗೈಯ ಅಡಿಗೆ, ಮೆಲ್ಲ ಬಗ್ಗಿಸಿದಳು. "ದೇವ್ ಬರೆಂ ಕರುಂ," ಎಂದಳು. ಮಾತು ಗಂಡನದು, ಒಡೆದ ಸ್ವರ ಅವಳದು. "ಸೋಮವಾರ ಹೊರಡು."

ತಲೆ ಬಗ್ಗಿದಂತೆ ಆ ತಣ್ಣನೆಯ ಬೆರಳುಗಳು ನೆತ್ತಿಯಿಂದ ಜಾರಿ ಕತ್ತಿಗೆ ತಗಲಿದವು. ಕಾರ್ಲ್ಟನನ ಎರಡೂ ಹೆಗಲು, ಚಿಕ್ಕಂದಿನಲ್ಲಿ ಏರುತ್ತಿದ್ದ ಹಾಗೆಯೇ, ಕಿವಿಯವರೆಗೆ ಏರಿದವು.