ಕಾಲಿನ ಮೇಲೆ ಕೂತ ಸೊಳ್ಳೆ

ಕೂತಿದೆ, ಬಲಗಾಲಿನ ಹೆಬ್ಬೆರಳ ಬುಡದಲ್ಲೇ ಕೂತಿದೆ ಹಾಳಾದ್ದು, ಹಿಂಗಾಲು ಮೇಲಕ್ಕೆತ್ತಿಕೊಂಡು, ಏನು ಠೀವಿ ಅದಕ್ಕೆ, ದೀಪ ಹಚ್ಚುವ ಹೊತ್ತು, ಬಾಗಿಲು ಹಾಕು ಅಂತ ಎಷ್ಟು ಬಡಕೊಂಡರೂ ಅಂಜಿನಮ್ಮ ಹಾಕುವುದಿಲ್ಲ, ಬೇಕೆಂದೇ ಹಾಕುವುದಿಲ್ಲ, ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿ, ನನಗೆ ಗೊತ್ತಾಗುವುದಿಲ್ಲವೇ — ಮೊದಲೆಲ್ಲ ನಾನು ನಿದ್ದೆ ಹೋದರೆ ಸೆರಗಿನಿಂದ ಸೊಳ್ಳೆ ಬೀಸುತ್ತಿದ್ದವಳು, ಈಗ ಮಂಚದ ಕಾಲಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಅದು ಕುಡಿಯುವುದನ್ನೇ ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ, ಗೊತ್ತಾಯ್ತೇನ್ರೀ, ಚುಳುಕ್ ಅನ್ಲಿಲ್ವಾ, ಇಲ್ಲ ಕಣೆ, ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಹೊಟ್ಟೆ ಕೆಂಪಾಗುತ್ತಿದೆ ಅದರದ್ದು. ನನ್ನ ರಕ್ತವೇ, ನನ್ನ ಕಾಲೇ, ಆದರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡುತ್ತಿದ್ದೇನೆ — ಅಯ್ಯೋ, ಮೊಣಕೈಗೆ ಇನ್ನೊಂದು ಕಚ್ಚಿತು, ಇದು ಗೊತ್ತಾಗುತ್ತದೆ, ಸೊಂಟದಿಂದ ಮೇಲೆ ಎಲ್ಲ ಗೊತ್ತಾಗುತ್ತದೆ, ಹಸಿವು, ಸಿಟ್ಟು, ನಾಚಿಕೆ ಎಲ್ಲ. ವಾರಕ್ಕೊಮ್ಮೆ ಕಾಲು ನೀವಿ ವ್ಯಾಯಾಮ ಮಾಡಿಸಲು ದೊಡ್ಡಬಳ್ಳಾಪುರದಿಂದ ಬರುವ ಕೀರ್ತನ ಇದನ್ನೆಲ್ಲ ಶುರು ಮಾಡಿದ್ದು, ಸೊಳ್ಳೆ ಕಚ್ಚಿದ್ದು ಯಾರಿಗೂ ಎಲ್ಲಾ ಸಲನೂ ಗೊತ್ತಾಗಲ್ಲ ಆಂಟಿ, ಅದರ ಜೊಲ್ಲಲ್ಲಿ ಚರ್ಮ ಮರಗಟ್ಟಿಸೋ ಅಂಥದ್ದೇನೋ ಇರುತ್ತೆ, ಸೂಜಿ ನರದ ತುದಿಗೇ ತಾಗಿದ್ರೆ ಮಾತ್ರ ಆವಾಗ್ಲೇ ಗೊತ್ತಾಗೋದು, ಇಲ್ಲಾಂದ್ರೆ ಆಮೇಲೆ ಕೆರೆತ ಬಂದಾಗ್ಲೇ. ಮಾತಿಗೆ ಹೇಳಿದಳೋ ಸಮಾಧಾನಕ್ಕೆ ಹೇಳಿದಳೋ, ಅಂಜಿನಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು, ಕೇಳಿದ್ರಾ, ಓಡಾಡೋರಿಗೇ ಗೊತ್ತಾಗಲ್ವಂತೆ, ನಿಮ್ಗೆ ಗೊತ್ತಾಗ್ಲಿಲ್ಲ ಅಂದ್ರೆ ಕಾಲು ಸತ್ತೋಗಿದೆ ಅಂತೇನಲ್ಲ, ಯಾವ್ದಾದ್ರೂ ಒಂದು ಸರಿಯಾಗಿ ಕಚ್ಚಬೇಕು ಅಷ್ಟೆ. ಆವತ್ತಿನಿಂದ ಸಾಯಂಕಾಲವಾದರೆ ಬಾಗಿಲು ತೆರೆದೇ ಇರುತ್ತದೆ.

ಸರಿಯಾಗಿ ಕಚ್ಚಿದ್ದು ಒಂದೇ ಒಂದು, ತೂಬಗೆರೆಯ ಆ ಹಲಸಿನ ಮರದ ಮೇಲೆ, ಕಿವಿಯ ಹಿಂದೆ — ಹಣ್ಣು ಎಸೆದರೆ ಬಿರಿದುಹೋಗುತ್ತದೆ, ತೊಟ್ಟಿಗೆ ಹಗ್ಗ ಬಿಗಿದು ಇಳಿಸಬೇಕು, ಕೆಳಗೆ ಚಿಕ್ಕವೆಂಕಟಪ್ಪ ಹಗ್ಗ ಹಿಡಿದು ನಿಂತಿದ್ದ, ಲೇ ಪಿಳ್ಳಣ್ಣ, ಬೇಗ ಕಟ್ಟೋ, ಟೆಂಪೋ ಬಂತು ಕಣೋ, ಮತ್ತೆ ನಾನು, ಇಪ್ಪತ್ತು ವರ್ಷ ಮರ ಹತ್ತಿದ ಮಹಾಬುದ್ಧಿವಂತ, ಕೆಳಗಿಳಿದು ಹಣ್ಣು ಬಿಡಿಸುವಾಗ ಕೈಗೆ ಹಚ್ಚಬೇಕಾದ ಎಣ್ಣೆಯನ್ನು, ಸೊನೆ ಅಂಟದಿರಲಿ ಅಂತ ಹತ್ತುವ ಮೊದಲೇ ಹಚ್ಚಿಕೊಂಡಿದ್ದೆ, ಥೂ ನನ್ನ. ಕೊಂಬೆ ಹಿಡಿದ ಕೈಯಲ್ಲೇ ಪಟ್ಟೆಂದು ಹೊಡೆದೆ, ಸತ್ತಿತೋ ಇಲ್ಲವೋ, ಕೈ ವಾಪಸ್ಸು ಕೊಂಬೆಗೆ ಹೋಯಿತು, ಜಾರಿತು, ಆಮೇಲೆ ಆಕಾಶ, ಎಲೆ, ಚಿಕ್ಕವೆಂಕಟಪ್ಪನ ಬಾಯಿ. ಅದೊಂದು ಗೊತ್ತಾಗದೆ ಹೋಗಿದ್ದರೆ, ನಿಧಾನವಾಗಿ ಕುಡಿದುಕೊಂಡು ಹಾರಿಹೋಗಿದ್ದರೆ, ಸಂಜೆ ಮನೆಗೆ ಬಂದು ಕೆರೆದುಕೊಳ್ಳುತ್ತಿದ್ದೆ. ಮೂರು ತಿಂಗಳೊಳಗೆ ಸ್ಪರ್ಶ ಬಂದರೆ ಬಂತು ಅಂದಿದ್ದರು ಡಾಕ್ಟರು, ನಾಳೆಗೆ ಮೂರು ತಿಂಗಳು, ಅವಳು ಬೆಳಗಿನಿಂದ ತೊಟ್ಟು ನೀರು ಕುಡಿದಿಲ್ಲ, ನಿಮ್ಗೆ ಗೊತ್ತಾಗೋವರ್ಗೂ ಇಲ್ಲ ಅಂತಾಳೆ, ಕೆನ್ನೆ ಒಳಗೆ ಹೋಗಿದೆ, ನೋಡಲಾಗುವುದಿಲ್ಲ ನನಗೆ — ಹೂಂ, ಗೊತ್ತಾಯ್ತು ಕಣೆ, ಅಂದುಬಿಟ್ಟೆ. ಹೇಗೆ ಅಂದೆನೋ. ಎಲ್ಲಿ, ಎಲ್ಲಿ ಹೇಳಿ, ಬಲಗಾಲು, ಹೆಬ್ಬೆರಳ ಹತ್ರ. ಕೆಂಪು ಹೊಟ್ಟೆ ಹೊತ್ತುಕೊಂಡು ಅದು ತೂಗಾಡುತ್ತ ಎದ್ದುಹೋಯಿತು, ಅಂಜಿನಮ್ಮ ನಗಲಿಲ್ಲ, ಅಳಲಿಲ್ಲ, ನೋಡಿ ಹೇಳಿದ್ರಾ, ಗೊತ್ತಾಗಿ ಹೇಳಿದ್ರಾ, ಅಂದಳು.

ಎದ್ದು ತಲೆದೆಸೆಗೆ ಬಂದಳು, ಎರಡು ಅಂಗೈ ನನ್ನ ಕಣ್ಣಿನ ಮೇಲಿಟ್ಟಳು, ಬಿಸಿ ಕೈ, ಹುಣಸೆಹಣ್ಣಿನ ವಾಸನೆ, ಈಗ ಇನ್ನೊಂದು ಕೂತಿದೆ, ಕಚ್ತಾ ಇದೆ, ಯಾವ ಕಾಲು ಹೇಳ್ರಿ. ಕತ್ತಲು, ಕತ್ತಲಲ್ಲಿ ಆ ಕೆಂಪು ಹೊಟ್ಟೆಯೊಂದೇ, ಊದುತ್ತಿದೆ, ನಾನು ಒಳಗೊಳಗೇ ಕೆಳಕ್ಕೆ ತಡಕುತ್ತ ಇಳಿಯುತ್ತೇನೆ, ಎದೆ, ಹೊಟ್ಟೆ, ಸೊಂಟ, ಅಲ್ಲಿಂದಾಚೆ ನಾನಿಲ್ಲ, ಬಾರೋ, ಎಲ್ಲಾದರೂ ಒಂದು ಚುಳುಕ್, ದೇವರೇ, ಒಂದೇ ಒಂದು, ಬಲವೋ ಎಡವೋ, ಎಡ, ಎಡಗಾಲು ಕಣೆ ಅಂದೆ. ಅಂಗೈ ಕಣ್ಣಿನ ಮೇಲೆ ಇನ್ನಷ್ಟು ಒತ್ತಿತು. ಆಮೇಲೆ, ಹೂಂ ಕಣ್ರೀ, ಎಡಗಾಲೇ, ಸರಿಯಾಗಿ ಹೇಳಿದ್ರಿ ಅಂದಳು, ಮಾತು ನನ್ನ ಕಿವಿಯೊಳಗೇ ಬಂತು, ಉಸಿರು ಕಿವಿಗೆ ತಾಗಿತು, ಅವಳ ಮುಖ ಇಲ್ಲೇ ಇದೆ, ನನ್ನ ಭುಜದೊಳಗೆ ಹುದುಗಿದೆ, ಭುಜ ಒದ್ದೆಯಾಗುತ್ತಿದೆ, ಕಾಲಿನ ಕಡೆ ಅವಳು ನೋಡಿಯೇ ಇಲ್ಲ.